ಬೌಲಿಂಗ್ ಚೆಂಡಿಗೆ ಬೇಕಾದ ಮೈ ತರುವುದು: ಪೇಪರ್ ಹೊಡೆಯುವುದರಿಂದ ಪಾಲಿಶ್‌ವರೆಗೆ ಕೈಕೆಲಸದ ಪೂರ್ತಿ ಕ್ರಮ

ಇದು ಕ್ರಿಕೆಟ್ಟಿನ ಮಾತಲ್ಲ, ಲೇನಿನ ಮೇಲೆ ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗ್ ಆಟದ್ದು. ಸ್ವಂತ ಚೆಂಡು ಇಟ್ಟುಕೊಂಡ ಮೈಸೂರು, ಮಂಡ್ಯದ ಆಟಗಾರರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಮೂರು. ಪಾಲಿಶ್ ಹಾಕಿ ಫಳಫಳ ಹೊಳೆಯುತ್ತಿದ್ದರೂ ಚೆಂಡು ಲೇನಿನಲ್ಲಿ ಮೊದಲಿನ ಹಾಗೇ ಬೇಗ ಪಕ್ಕಕ್ಕೆ ತಿರುಗುತ್ತದೆ. 2000 ನಂಬರಿನ ಪೇಪರ್ (ಉಜ್ಜುವ ಕಾಗದ) ಹೊಡೆದ ಮೇಲೂ ಬಿಸಿಲಿಗೆ ಹಿಡಿದರೆ ಉಂಗುರ ಉಂಗುರವಾಗಿ ಗೀರು ಕಾಣುತ್ತದೆ. ಒಂದು ಮಗ್ಗುಲು ಮಂದ, ಇನ್ನೊಂದು ಮಗ್ಗುಲು ಹೊಳಪು.

ಮೂರಕ್ಕೂ ಕಾರಣ ಒಂದೇ. ಕೊನೆಯ ಹಂತದ ಮೇಲೆ ಎಲ್ಲರಿಗೂ ಗಮನ, ಮೊದಲನೆಯ ಪೇಪರಿನ ಮೇಲೆ ಯಾರಿಗೂ ಇಲ್ಲ. ಹೊಳಪು ಮೇಲಿನಿಂದ ಬರುವುದಿಲ್ಲ. ಕೆಳಗಿನ ಗೀರು ಎಷ್ಟು ಆಳ, ಎಷ್ಟು ಸಮ ಎಂಬುದೇ ಮೈಯನ್ನು ನಿರ್ಧರಿಸುತ್ತದೆ. ಆದ್ದರಿಂದ ಇಲ್ಲಿ ಹೆಚ್ಚು ಮಾತು ಪಾಲಿಶಿನ ಬಗ್ಗೆ ಅಲ್ಲ, ಅದಕ್ಕಿಂತ ಮುಂಚಿನ ಒಂದೂವರೆ ಗಂಟೆಯ ಬಗ್ಗೆ.

## ಗೀರು ಮಾಡುವ ಕೆಲಸ

ಎಸೆಯುವವರು ದಾಟಬಾರದ ಗೆರೆಯಾದ ಫೌಲ್ ಲೈನಿನಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಮುಂದಿನ ಹೆಚ್ಚಿನ ಭಾಗಕ್ಕೆ ಎಣ್ಣೆ ಬಳಿದಿರುತ್ತಾರೆ, ಕೊನೆಯ ಭಾಗ ಒಣಗಿರುತ್ತದೆ. ಸವೆದ ಟೈರಿನ ಟ್ರ್ಯಾಕ್ಟರ್ ಕೆಸರುಗದ್ದೆಯಲ್ಲಿ ಹೇಗೆ ಜಾರುತ್ತದೆ, ಹಲ್ಲು ಚೆನ್ನಾಗಿರುವ ಟೈರು ಕೆಸರು ಸೀಳಿ ಹೇಗೆ ನೆಲ ಹಿಡಿಯುತ್ತದೆ, ಚೆಂಡಿನದೂ ಅದೇ ಕಥೆ. ಒರಟು ಮೈಯ ಚೆಂಡು ಎಣ್ಣೆಯ ಪದರ ಸೀಳಿ ಬೇಗ ಲೇನ್ ಹಿಡಿಯುತ್ತದೆ, ಬೇಗ ತಿರುಗಲು ಶುರುಮಾಡುತ್ತದೆ, ಪಿನ್ ಹತ್ತಿರ ಬರುವಷ್ಟರಲ್ಲಿ ಅದರ ತಿರುವು ಮೆತ್ತಗಾಗಿರುತ್ತದೆ. ನುಣುಪು ಮೈಯದು ಎಣ್ಣೆಯ ಮೇಲೆ ದೂರ ಜಾರಿ ಹೋಗಿ, ಒಣ ಜಾಗ ಸಿಕ್ಕಾಗ ಚುರುಕಾಗಿ ಪಕ್ಕಕ್ಕೆ ತಿರುಗುತ್ತದೆ.

ಪೇಪರಿನ ನಂಬರ್ ಹೆಚ್ಚಿದಷ್ಟೂ ಅದರ ಹರಳು ಸಣ್ಣದು. ಪಿ 500ರ ಹರಳು ಸುಮಾರು 30 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಪಿ 1000ದ್ದು 18, ಪಿ 2000ದ್ದು 10. ಈ 'ಪಿ' ಅಕ್ಷರವನ್ನು ಮರೆಯಬೇಡಿ. ಬೌಲಿಂಗ್ ಚೆಂಡಿಗೆಂದೇ ಬರುವ ಅಬ್ರಲಾನ್ ಪ್ಯಾಡುಗಳು ಫಿನ್ಲೆಂಡಿನ ಮಿರ್ಕಾ ಕಂಪನಿಯವು, ಅವುಗಳ ಲೆಕ್ಕ ಯುರೋಪಿನ ಪಿ ಅಳತೆಯಲ್ಲಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪೇಪರ್ ಅಮೆರಿಕದ ಹಳೆಯ ಅಳತೆಯದಾದರೆ ಅದರ 600 ಪಿ 1200ಕ್ಕೆ ಹತ್ತಿರ, 400 ಪಿ 800ಕ್ಕೆ ಹತ್ತಿರ, 320 ಪಿ 400ಕ್ಕೆ ಹತ್ತಿರ. ಚೆಂಡಿನ ಪೆಟ್ಟಿಗೆಯ ಮೇಲೆ 500 ಎಂದಿದೆಯೆಂದು ಪಿ ಇಲ್ಲದ 500 ತಂದು ಉಜ್ಜಿದರೆ ನಿಜವಾಗಿ ಸಿಗುವುದು ಸುಮಾರು 1000ದ ಮೈ. 'ಹೇಳಿದ ನಂಬರೇ ಹೊಡೆದೆ, ಚೆಂಡು ಎಣ್ಣೆಯಲ್ಲಿ ಜಾರುತ್ತಲೇ ಇದೆ' ಎನ್ನುವವರು ಮೊದಲು ಹಾಳೆಯ ಹಿಂಬದಿ ತಿರುಗಿಸಿ ನೋಡಲಿ.

## ಕೈ ಹಾಕುವ ಮುನ್ನ: ಚೆಂಡು ಯಾವ ಜಾತಿಯದು?

ಜಾತಿ ಎಂದರೆ ಹೊರಪದರ ಯಾವ ಪ್ಲಾಸ್ಟಿಕ್ಕಿನದು ಎಂದು. ಪಾಲಿಯೆಸ್ಟರ್ ಚೆಂಡು ಎಣ್ಣೆ ಹೀರುವುದಿಲ್ಲ, ಒರಟು ಮಾಡಿದರೂ ದೊಡ್ಡದಾಗಿ ತಿರುಗುವುದಿಲ್ಲ. ಬೌಲಿಂಗ್ ಕೇಂದ್ರದವರು ರ‍್ಯಾಕಿನಲ್ಲಿ ಇಟ್ಟಿರುವವು ಹೆಚ್ಚಾಗಿ ಇವೇ. ಅವು ನಿಮ್ಮ ಸ್ವತ್ತಲ್ಲ, ಅವಕ್ಕೆ ಪೇಪರ್ ತಾಗಿಸಬೇಡಿ. ಯುರೆಥೇನ್ ಚೆಂಡು ಎಣ್ಣೆಯನ್ನು ಅಷ್ಟಾಗಿ ಕುಡಿಯುವುದಿಲ್ಲ, ಆದರೆ ಪೇಪರಿನ ನಂಬರಿಗೆ ಚೆನ್ನಾಗಿ ಸ್ಪಂದಿಸುತ್ತದೆ. ರಿಯಾಕ್ಟಿವ್ ರೆಸಿನ್ ಚೆಂಡಿಗೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅದು ಪ್ರತಿ ಎಸೆತದಲ್ಲೂ ಎಣ್ಣೆ ಹೀರುತ್ತದೆ. ಮುಂದೆ ಬರುವ ಬಿಸಿನೀರಿನ ಹಂತ ಇದಕ್ಕೆ ಮಾತ್ರ.

ಚೆಂಡು ಕೊಂಡಾಗ ಬಂದ ಮೈ ಯಾವುದೆಂದು ಕಂಪನಿಯ ಮಾಹಿತಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಿ. '500, 2000' ಎಂದಿದ್ದರೆ ಮೊದಲು 500, ಅದರ ಮೇಲೆ 2000 ಎಂದರ್ಥ. ಇಲ್ಲಿ 1000 ಬಿಟ್ಟಿರುವುದು ಬೇಕೆಂದೇ: 500ರ ಆಳದ ಗೀರು ಸ್ವಲ್ಪ ಉಳಿಯಲಿ, ಅದರ ತುದಿ ಮಾತ್ರ 2000ದಲ್ಲಿ ನುಣುಪಾಗಲಿ ಎಂದು. '1500 ಪಾಲಿಶ್' ಎಂದಿದ್ದರೆ 1500ರ ಮೈ ಮೇಲೆ ಪಾಲಿಶ್.

## ಯಾವ ಮೈ ಬೇಕು?

ಇದನ್ನು ತೀರ್ಮಾನ ಮಾಡದೆ ಹಾಳೆ ಕತ್ತರಿಸಬೇಡಿ. ಎಣ್ಣೆ ಹೆಚ್ಚಿರುವ, 45 ಅಡಿ ದಾಟಿ ಎಣ್ಣೆ ಬಳಿದ ಲೇನಿಗೆ 500ರಿಂದ 1000. ವಾರದ ಕೊನೆಯಲ್ಲಿ ಸಾಮಾನ್ಯವಾಗಿ ಆಡುವ, 40 ಅಡಿ ಆಸುಪಾಸು ಎಣ್ಣೆಯಿರುವ ಲೇನಿಗೆ 1500ರಿಂದ 2000. ಮಧ್ಯಾಹ್ನವಿಡೀ ಜನ ಆಡಿ ಎಣ್ಣೆ ಕರಗಿ ಒಣಗಿರುವ ಲೇನಿಗೆ 3000, 4000 ಅಥವಾ ಪಾಲಿಶ್.

ಎಸೆಯುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವೇಗವಾಗಿ ಎಸೆಯುವವರ ಚೆಂಡಿಗೆ ಲೇನ್ ಹಿಡಿಯಲು ಸಮಯ ಸಾಲದು, ಒಂದು ಮೆಟ್ಟಿಲು ಒರಟು ಮಾಡಿ. ನಿಧಾನವಾಗಿ ಎಸೆದು ಹೆಚ್ಚು ಸುತ್ತು ಕೊಡುವವರು ಒಂದು ಮೆಟ್ಟಿಲು ನುಣುಪು ಮಾಡಲಿ. ಒಂದೇ ಚೆಂಡು ಇರುವವರಿಗೆ ನಮ್ಮ ಸಲಹೆ 2000, ಪಾಲಿಶ್ ಬೇಡ. ಎರಡೂ ಕಡೆಗೆ ಹೊಂದಿಕೊಳ್ಳುತ್ತದೆ, ಮನಸ್ಸು ಬದಲಾದರೆ ತಿದ್ದಲೂ ಸುಲಭ.

## ಸಾಮಾನು

ಅಬ್ರಲಾನ್ ಪ್ಯಾಡ್ ಸಿಕ್ಕರೆ ಅದೇ ಉತ್ತಮ. ಹಿಂದೆ ಸ್ಪಂಜ್ ಇರುವುದರಿಂದ ಚೆಂಡಿನ ಗುಂಡಗಿನ ಮೈಗೆ ತಾನಾಗಿ ಬಾಗುತ್ತದೆ. ಸಿಗದಿದ್ದರೆ ಗಾಡಿಗಳಿಗೆ ಪೇಂಟ್ ಹೊಡೆಯುವವರಿಗೆ ಸಾಮಾನು ಮಾರುವ ಅಂಗಡಿಗೆ ಹೋಗಿ ವಾಟರ್ ಪೇಪರ್ ಕೇಳಿ. ಮೈಸೂರು, ಮಂಡ್ಯ ಎರಡು ಊರಲ್ಲೂ ಇಂಥ ಅಂಗಡಿ ಹುಡುಕಬೇಕಾಗಿಲ್ಲ. ಮರಕ್ಕೆ ಹೊಡೆಯುವ ಕಂದು ಬಣ್ಣದ ಉಪ್ಪುಕಾಗದ ಬೇಡ, ನೀರು ತಾಗಿದರೆ ಅಂಟು ಬಿಟ್ಟು ಹರಳು ಉದುರುತ್ತದೆ. ಒಂದೊಂದು ನಂಬರಿಗೆ ಒಂದೊಂದು ಹಾಳೆ ಸಾಕು. ಪೂರ್ತಿ ಹಾಳೆ 230 ಮಿಮೀಗೆ 280 ಮಿಮೀ, ಅದನ್ನು ನಾಲ್ಕು ಭಾಗ ಮಾಡಿ. ಒಂದು ಚೆಂಡಿನ ಒಂದು ಹಂತಕ್ಕೆ ಎರಡು ತುಂಡು ಹಿಡಿಯುತ್ತದೆ.

ಸ್ಪಂಜಿಗೆ ಸೋಫಾ ರಿಪೇರಿಯವರ ಹತ್ತಿರ ಒಂದೂವರೆ ಸೆಂಟಿಮೀಟರ್ ದಪ್ಪದ ಫೋಮ್ ತುಂಡು ತನ್ನಿ, ಪೇಪರ್ ತುಂಡಿನ ಅಳತೆಗೇ ಕತ್ತರಿಸಿ. ಇದನ್ನು ಬಿಟ್ಟು ಬರಿ ಬೆರಳಲ್ಲಿ ಒತ್ತಿದರೆ ನಾಲ್ಕು ಬೆರಳಿನ ನಾಲ್ಕು ಪಟ್ಟೆ ಚೆಂಡಿನ ಮೇಲೆ ಮೂಡುತ್ತವೆ.

ಚೆಂಡು ಉರುಳದಂತೆ ಕೂರಿಸಲು ನೀರಿನ ಕೊಡದ ಕೆಳಗೆ ಇಡುವ ಸಿಂಬಿಯೇ ಸಾಕು. ಹಳೆಯ ಪಂಚೆ ಹುರಿ ಮಾಡಿ ಸುತ್ತಿ, ನಡುವಿನ ತೂತು ಒಂದು ಗೇಣಿಗಿಂತ ಕಡಿಮೆ ಇರಲಿ. ಗಟ್ಟಿಯಾದದ್ದು ಬೇಕೆನ್ನುವವರು 6 ಇಂಚಿನ ಪಿವಿಸಿ ಪೈಪಿನಿಂದ 3 ಇಂಚು ಎತ್ತರದ ಬಳೆ ಕೊಯ್ಸಿ, ಅದರ ಅಂಚಿಗೆ ಸೈಕಲ್ ಟ್ಯೂಬ್ ಸೀಳಿ ಹಾಕಲಿ. ಟ್ಯೂಬ್ ಇಲ್ಲದಿದ್ದರೆ ಪೈಪಿನ ಅಂಚೇ ಚೆಂಡಿನ ಹೊಸ ಮೈ ಗೀರುತ್ತದೆ.

ಇವಲ್ಲದೆ: ಮೈಕ್ರೋಫೈಬರ್ ಬಟ್ಟೆ ನಾಲ್ಕು, ನೀರು ಚಿಮುಕಿಸುವ ಬಾಟಲಿ, ಐಸೋಪ್ರೊಪೈಲ್ ಆಲ್ಕೋಹಾಲ್ ಕಾಲು ಲೀಟರ್, ಪಾತ್ರೆ ತೊಳೆಯುವ ಲಿಕ್ವಿಡ್, ನೀರು ನಿಲ್ಲುವಂಥ ಅಗಲ ಟೇಪು, 20 ಲೀಟರಿನ ಬಕೆಟ್, ಕೈಗವಸು, ಟಾರ್ಚ್. ಕೊನೆಗೆ ಹೊಳಪು ಬೇಕೆಂದರೆ ಬೌಲಿಂಗ್ ಚೆಂಡಿನದೇ ಕಾಂಪೌಂಡ್ ಅಥವಾ ಪಾಲಿಶ್.

ಬೇಡವಾದದ್ದೂ ಇದೆ. ಥಿನ್ನರ್ ಮತ್ತು ಅಸಿಟೋನ್ ಚೆಂಡಿನ ಮೇಲ್ಪದರವನ್ನು ಮೆತ್ತಗೆ ಮಾಡಬಲ್ಲವು. ಕಾರಿನ ವ್ಯಾಕ್ಸ್ ರಂಧ್ರ ಮುಚ್ಚಿ ಲೇನಿಗೂ ಅಂಟುತ್ತದೆ. ಅಡುಗೆಮನೆಯ ಹಸಿರು ಸ್ಕ್ರಬ್ಬರಿನ ಒರಟು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಬೇರೆ. ಡ್ರಿಲ್ಲಿಗೆ ಸಿಗಿಸುವ ಡಿಸ್ಕ್, ಗ್ರೈಂಡರ್ ಇವು ಕ್ಷಣದಲ್ಲಿ ಮೈ ಕಾಯಿಸಿ ಸುಡುತ್ತವೆ. ಆ ಸುಟ್ಟ ಕಲೆ ಯಾವ ಪೇಪರಿಗೂ ಸುಲಭಕ್ಕೆ ಬಗ್ಗುವುದಿಲ್ಲ.

## ಹಂತ 1: ತೊಳೆದು, ನೋಡಿ

ಲಿಕ್ವಿಡ್ ನಾಲ್ಕು ಹನಿ ಹಾಕಿದ ನೀರಿನಲ್ಲಿ ತೊಳೆದು ಒರೆಸಿ, ಬಟ್ಟೆಗೆ ಆಲ್ಕೋಹಾಲ್ ಹಾಕಿ ಇಡೀ ಚೆಂಡನ್ನು ಎರಡು ಸಲ ಒರೆಸಿ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಎಣ್ಣೆ ಇದ್ದ ಮೈ ಮೇಲೆ ಪೇಪರ್ ಹೊಡೆದರೆ ಎಣ್ಣೆಯೂ ಪುಡಿಯೂ ಸೇರಿ ಹರಳುಗಳ ಸಂದಿಗೆ ಮೆತ್ತಿಕೊಳ್ಳುತ್ತವೆ. ಆಮೇಲೆ ಪೇಪರ್ ಕೊರೆಯುವುದಿಲ್ಲ, ಸವರುತ್ತದೆ ಅಷ್ಟೆ.

ಈಗ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ಸುತ್ತಲೂ ನೋಡಿ. ಬೆರಳಿನ ತೂತುಗಳ ನಡುವಿನ ಸಣ್ಣ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ? ಉಗುರು ಆಡಿಸಿದರೆ ತಡೆಯುತ್ತದೆಯೇ? ತಡೆದರೆ ಇಲ್ಲಿಗೇ ನಿಲ್ಲಿಸಿ, ಬಿಸಿನೀರಿಗಂತೂ ಹಾಕಲೇಬೇಡಿ. ಉಗುರು ಇಳಿಯುವಷ್ಟು ಆಳದ ಗುಂಡಿ ಇದ್ದರೂ ಪೇಪರಿನಿಂದ ಅದನ್ನು ತೆಗೆಯಲು ಹೋಗಬಾರದು. ಅದನ್ನು ತುಂಬಿಸಬೇಕು, ಆ ಕೆಲಸ ಚೆಂಡಿಗೆ ತೂತು ಕೊರೆಯುವ ಪ್ರೊ ಶಾಪಿನದು. ಅಮೆರಿಕದ ಬೌಲಿಂಗ್ ಆಟದ ಸಂಸ್ಥೆ ಯುಎಸ್‌ಬಿಸಿಯ ನಿಯಮದಂತೆ ಚೆಂಡಿನ ವ್ಯಾಸ 8.5 ಇಂಚಿಗಿಂತ ಕಡಿಮೆಯಾಗುವಂತಿಲ್ಲ, 8.595 ಇಂಚು ಮೀರುವಂತಿಲ್ಲ. ಒಂದು ಗುಂಡಿಯ ಬೆನ್ನು ಹತ್ತಿ ಸುತ್ತ ಉಜ್ಜುತ್ತ ಹೋದರೆ ಗುಂಡಿಯ ಜೊತೆ ಗುಂಡಗಿರುವುದೂ ಹೋಗುತ್ತದೆ.

## ಹಂತ 2: ಕುಡಿದ ಎಣ್ಣೆ ತೆಗೆಯುವುದು

ಹೊಸ ಚೆಂಡಿಗೆ, ಪಾಲಿಯೆಸ್ಟರಿಗೆ, ಯುರೆಥೇನಿಗೆ ಇದು ಬೇಡ. 50–60 ಆಟ ಆಡಿದ ರಿಯಾಕ್ಟಿವ್ ಚೆಂಡಿಗೆ ಬೇಕು. ಬಿಸಿಯ ಬಗ್ಗೆ ಕಂಪನಿಯ ಎಚ್ಚರಿಕೆ ಇದ್ದರೆ ಅದನ್ನು ಮೊದಲು ಓದಿ.

ಬೆರಳಿನ ತೂತುಗಳಿಗೆ ಎರಡು ಪದರ ಟೇಪು ಹಾಕಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ನೀರು ಒಳಗೆ ಹೋದರೆ ಇನ್ಸರ್ಟಿನ (ತೂತಿನೊಳಗೆ ಬೆರಳಿಗೆಂದು ಅಂಟಿಸಿದ ಬಳೆಯ) ಅಂಟು ಬಿಡುತ್ತದೆ. ನೀರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಇರಬೇಕು, 60 ದಾಟಬಾರದು. ಥರ್ಮಾಮೀಟರ್ ಇಲ್ಲದವರಿಗೆ ಲೆಕ್ಕ ಹೀಗೆ: ಕುದಿಯುವ ನೀರು ಮೂರು ಪಾಲು, ನಲ್ಲಿಯ ತಣ್ಣೀರು ಐದು ಪಾಲು. 12 ಲೀಟರಿಗೆ ಕುದಿನೀರು ನಾಲ್ಕೂವರೆ, ತಣ್ಣೀರು ಏಳೂವರೆ. ಮೊದಲು ಎರಡನ್ನೂ ಬೆರೆಸಿ, ಆಮೇಲೆ ಚೆಂಡು ಇಳಿಸಿ. ಚೆಂಡಿನ ಮೇಲೆ ಕುದಿನೀರು ಸುರಿದರೆ ಹೊರಪದರ ಹಿಗ್ಗುತ್ತದೆ, ಒಳಗಿನ ಕೋರ್ ತಣ್ಣಗೇ ಇರುತ್ತದೆ, ಬಿರುಕು ಬರುವುದು ಹೀಗೆಯೇ. ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿಗೆ ಹೋಗಿ ಬರುವಾಗ ಕಾರಿನ ಡಿಕ್ಕಿಯಲ್ಲಿ ಚೆಂಡು ಬಿಟ್ಟು ಊಟಕ್ಕೆ ಇಳಿಯುವವರಿಗೂ ಇದೇ ಮಾತು.

ಚೆಂಡು ಐದು ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ 20 ಲೀಟರಿನ ಬಕೆಟ್ಟಿಗೆ 12 ಲೀಟರಿಗಿಂತ ಹೆಚ್ಚು ನೀರು ಬೇಡ. 12 ಪೌಂಡಿನ ಆಸುಪಾಸಿನ ಚೆಂಡು ಮುಳುಗಬಹುದು, ತೇಲಬಹುದು. ಅದಕ್ಕಿಂತ ಹಗುರವಾದದ್ದು ತೇಲುತ್ತದೆ, ಐದು ನಿಮಿಷಕ್ಕೊಮ್ಮೆ ತಿರುಗಿಸಿ. 20 ನಿಮಿಷಕ್ಕೆ ತೆಗೆದು, ಬೆಚ್ಚಗಿರುವಾಗಲೇ ಒಣಬಟ್ಟೆಯಿಂದ ಒರೆಸಿ. ಮೈ ಮೇಲೆ ಬೆವರಿನ ಹಾಗೆ ಎಣ್ಣೆ ಕಾಣುತ್ತದೆ. ನೀರಿನ ಮೇಲೆ ತೇಲುವ ಎಣ್ಣೆಯ ಪೊರೆ ಕಡಿಮೆಯಾಗುವವರೆಗೆ ಎರಡು, ಮೂರು ಸಲ ಹೊಸ ನೀರಿನಲ್ಲಿ ಮಾಡಿ. ಆಮೇಲೆ ಟೇಪು ಕಿತ್ತು ನೆರಳಿನಲ್ಲಿ ಒಂದು ರಾತ್ರಿ ಬಿಡಿ. ಆತುರಕ್ಕೆ ಫ್ಯಾನ್ ಹಾಕಬಹುದು, ಹೇರ್ ಡ್ರೈಯರ್ ಬೇಡ.

## ಹಂತ 3: ಆರು ಮಗ್ಗುಲು ಗುರುತು

ಬೆರಳಿನ ತೂತುಗಳು ಮೇಲೆ ಬಂದರೆ ಅದು ಒಂದನೇ ಮಗ್ಗುಲು. ಅದರ ನೇರ ಕೆಳಗಿನದು ಎರಡು. ಉಳಿದ ಸುತ್ತಳತೆಯನ್ನು ನಾಲ್ಕು ಭಾಗ ಮಾಡಿದರೆ ಮೂರರಿಂದ ಆರು. ಒಂದೊಂದರ ನಡುವೆ ಸಣ್ಣ ಟೇಪಿನ ಚೂರು ಅಂಟಿಸಿ ನಂಬರ್ ಬರೆಯಿರಿ. ಕೆಲಸ ಮಾಡುವ ಮಗ್ಗುಲಿನ ಚೂರನ್ನು ಕಿತ್ತು, ಮುಗಿದ ಮೇಲೆ ಮತ್ತೆ ಹಾಕಿ. ತಲೆಹರಟೆ ಅನಿಸಬಹುದು, ಆದರೆ ಅರ್ಧ ಮಂದ ಅರ್ಧ ಹೊಳಪಾಗಿ ಬಂದ ಚೆಂಡುಗಳಲ್ಲಿ ಹೆಚ್ಚಿನವು ಈ ಗುರುತು ಹಾಕದವರದೇ. ಗುಂಡಗಿನ ವಸ್ತುವಿನಲ್ಲಿ ಎಲ್ಲಿಂದ ಶುರುಮಾಡಿದೆವು ಎಂಬುದು ಎರಡೇ ನಿಮಿಷದಲ್ಲಿ ಮರೆತುಹೋಗುತ್ತದೆ.

ತೂತಿನ ಅಂಚಿಗೆ ಪೇಪರ್ ಸಿಕ್ಕಿಕೊಳ್ಳದಂತೆ ಅಲ್ಲಿಗೂ ಹೊಸ ಟೇಪು ಹಾಕಿ.

## ಹಂತ 4: ಮೊದಲ ಪೇಪರ್

ಎಲ್ಲ ಫಲವೂ ಇಲ್ಲಿದೆ, ನಿಧಾನಿಸಿ.

ಮೊದಲು ಯಾವ ನಂಬರ್? ಚೆಂಡಿನ ಮೇಲೆ ಆಟದ ಗೀರು, ಉರುಳುವ ಜಾಗದಲ್ಲಿ ಸವೆದ ಪಟ್ಟೆ ಕಾಣುತ್ತಿದ್ದರೆ ಪಿ 500. ಗೀರು ಉಗುರಿಗೆ ತಾಗುವಷ್ಟಿದ್ದರೆ ಪಿ 360. ಮೈ ಚೆನ್ನಾಗಿದ್ದು ಬರೀ ಮಂದ ಮಾಡಬೇಕಿದ್ದರೆ ಪಿ 1000. ಪಾಲಿಶ್ ಇದ್ದ ಚೆಂಡನ್ನು ಒರಟು ಮಾಡಲು ಹೊರಟವರು ಗಮನಿಸಿ: ಕ್ಲೀನರ್ ಪಾಲಿಶ್ ತೆಗೆಯುವುದಿಲ್ಲ, ಪೇಪರೇ ತೆಗೆಯಬೇಕು.

ಪೇಪರ್ ತುಂಡುಗಳನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ. ನೆನೆಯದ ಹಾಳೆಯ ಮೂಲೆ ಬಿರುಸಾಗಿದ್ದು ಗೀರುತ್ತದೆ. ಚೆಂಡನ್ನು ಸಿಂಬಿಯ ಮೇಲೆ ಕೂರಿಸಿ ನೀರು ಚಿಮುಕಿಸಿ. ಫೋಮಿಗೆ ಪೇಪರ್ ಸುತ್ತಿ, ಅಂಗೈ ಪೂರ್ತಿ ಇಟ್ಟು, ಎರಡು ಇಂಚಿನ ಸುತ್ತುಗಳಲ್ಲಿ ಉಜ್ಜುತ್ತ ಮೇಲಿನಿಂದ ಚೆಂಡಿನ ಸೊಂಟದವರೆಗೆ ಇಳಿಯಿರಿ. ಒಂದು ಸುತ್ತು ಹಿಂದಿನ ಸುತ್ತಿನ ಅರ್ಧವನ್ನಾದರೂ ಮುಚ್ಚಲಿ. ಅರ್ಧ ನಿಮಿಷಕ್ಕೊಮ್ಮೆ ಚೆಂಡನ್ನು ಕಾಲು ಸುತ್ತು ತಿರುಗಿಸಿ, ಕೈಯನ್ನಲ್ಲ. ಬಲಗೈಯವರ ಒತ್ತು ಯಾವಾಗಲೂ ಒಂದೇ ಕಡೆಗೆ ಹೆಚ್ಚು. ಚೆಂಡು ತಿರುಗಿದರೆ ಆ ಹೆಚ್ಚುವರಿ ಎಲ್ಲ ಕಡೆ ಹಂಚಿಹೋಗುತ್ತದೆ.

ಒತ್ತು ಎಷ್ಟು? ದೋಸೆ ಕಾವಲಿಗೆ ಅರ್ಧ ಈರುಳ್ಳಿ ಉಜ್ಜುವಷ್ಟು. ಅದಕ್ಕಿಂತ ಹೆಚ್ಚು ಒತ್ತಿದರೆ ಬೇಗ ಆಗುವುದಿಲ್ಲ, ಹರಳು ಮುರಿದು ಅಲ್ಲಲ್ಲಿ ಆಳದ ಗೀರು ಬೀಳುತ್ತದೆ. ಆ ಒಂದೊಂದು ಗೀರನ್ನು ತೆಗೆಯಲು ಮುಂದಿನ ಹಂತದಲ್ಲಿ ಹತ್ತು ಪಟ್ಟು ದುಡಿಯಬೇಕು.

ಕೈಯಲ್ಲಿ ಮಾಡುವಾಗ ಮೊದಲ ಪೇಪರಿಗೆ ಮಗ್ಗುಲಿಗೆ 4ರಿಂದ 5 ನಿಮಿಷ. ಆರು ಮಗ್ಗುಲಿಗೆ ಅರ್ಧ ಗಂಟೆ. ಪೇಪರಿನ ಕೆಳಗೆ ಚೆಂಡಿನ ಬಣ್ಣದ ಗಂಜಿ ಬರುತ್ತಿರಬೇಕು. ಗಂಜಿ ನಿಂತರೆ ಪೇಪರ್ ಕಟ್ಟಿಕೊಂಡಿದೆ ಅಥವಾ ಸವೆದಿದೆ. ತೊಳೆಯಿರಿ, ಆಗಲೂ ಬರದಿದ್ದರೆ ಹೊಸ ತುಂಡು. ನೀರು ಎಂದೂ ಒಣಗಬಾರದು. ಒಣ ಉಜ್ಜಿದರೆ ಮೈ ಕಾಯುತ್ತದೆ, ಪುಡಿಯೂ ಶ್ವಾಸಕ್ಕೆ ಹೋಗುತ್ತದೆ.

ಮುಗಿಯಿತೆಂದು ತಿಳಿಯುವುದು ಗಡಿಯಾರದಿಂದಲ್ಲ, ಕಣ್ಣಿಂದ. ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಟಾರ್ಚ್ ಓರೆ ಹಿಡಿಯಿರಿ. ಒದ್ದೆ ಮೈ ಎಲ್ಲ ದೋಷವನ್ನೂ ಮುಚ್ಚಿಡುತ್ತದೆ, ಅದನ್ನು ನಂಬಬೇಡಿ. ಇಡೀ ಚೆಂಡು ಒಂದೇ ಬೂದಿಯ ಮಬ್ಬಿನಲ್ಲಿದ್ದರೆ ಸರಿ. ಎಲ್ಲೋ ಒಂದು ಕಡೆ ಮಿಣುಗಿದರೆ ಅಲ್ಲಿ ಪೇಪರ್ ಮುಟ್ಟಿಲ್ಲ. ಹಳೆಯ ಆಟದ ಗೀರು ಮಬ್ಬಿನ ನಡುವೆ ಇನ್ನೂ ಕಂಡರೆ ಇದೇ ನಂಬರಿನಲ್ಲಿ ಇನ್ನೆರಡು ನಿಮಿಷ, ಆದರೆ ಆರೂ ಮಗ್ಗುಲಿಗೆ. ಗೀರು ಕಂಡ ಜಾಗಕ್ಕೆ ಮಾತ್ರ ಉಜ್ಜಿದರೆ ಅಲ್ಲಿ ತಗ್ಗಾಗುತ್ತದೆ.

ಚೆಂಡನ್ನು ತಾನೇ ತಿರುಗಿಸುವ ಸ್ಪಿನ್ನರ್ ಯಂತ್ರ ಇರುವವರಿಗೆ ಕೆಲಸ ಸುಲಭ: ಮಗ್ಗುಲಿಗೆ 45 ಸೆಕೆಂಡಿನಿಂದ ಒಂದು ನಿಮಿಷ, ಪ್ಯಾಡನ್ನು ನೆತ್ತಿಯಿಂದ ಸೊಂಟಕ್ಕೆ ನಿಧಾನವಾಗಿ ಓಡಾಡಿಸಿ. ನೆತ್ತಿಯಲ್ಲೇ ನಿಂತರೆ ಗಾಣದ ಸುತ್ತಿನ ಹಾಗೆ ಉಂಗುರ ಬೀಳುತ್ತದೆ.

## ಹಂತ 5: ಮೆಟ್ಟಿಲು ಹತ್ತುವುದು

ನಿಯಮ ಇಷ್ಟೆ: ಮುಂದಿನ ನಂಬರ್ ಹಿಂದಿನದರ ಎರಡು ಪಟ್ಟು ಮೀರಬಾರದು. 500, 1000, 2000, 4000. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲೂ ಒರಟು ಪೇಪರಿನಿಂದ ನೇರ ಪಾಲಿಶಿಗೆ ಯಾರೂ ಹಾರುವುದಿಲ್ಲ, ಕಾರಣವೂ ಇದೇ. 500ರ ಕಂದಕವನ್ನು 2000 ತುಂಬಲಾರದು, ಅದರ ದಡವನ್ನು ಮಾತ್ರ ಉಜ್ಜುತ್ತದೆ. ಕಂಪನಿಯ ಮೈಯೇ ಅಂಥದ್ದಾಗಿದ್ದರೆ ಅದು ಬೇರೆ, ಮೊದಲೇ ಹೇಳಿದೆವು.

ಪ್ರತಿ ಮೆಟ್ಟಿಲಿನ ನಡುವೆ ಚೆಂಡು, ಫೋಮ್, ಸಿಂಬಿ, ಕೈ, ಬಟ್ಟೆ ಎಲ್ಲವನ್ನೂ ತೊಳೆಯಿರಿ. ನೀರು ಬದಲಿಸಿ. 500ರ ಒಂದೇ ಒಂದು ಹರಳು ಸಿಂಬಿಯ ಮಡಿಕೆಯಲ್ಲಿ ಉಳಿದು 2000ದ ಹಂತದಲ್ಲಿ ಕೆಳಗೆ ಸಿಕ್ಕಿದರೆ, ಆ ಉದ್ದ ಬಾಲದ ಗೀರಿಗೆ ಕಾರಣವೇ ಗೊತ್ತಾಗುವುದಿಲ್ಲ. ಸಾಧ್ಯವಾದರೆ ಒಂದೊಂದು ನಂಬರಿಗೆ ಒಂದೊಂದು ಫೋಮ್ ಇಟ್ಟುಕೊಂಡು ಅದರ ಬೆನ್ನ ಮೇಲೆ ನಂಬರ್ ಬರೆಯಿರಿ.

ಎರಡನೆಯ ಪೇಪರಿನಿಂದ ಮಗ್ಗುಲಿಗೆ ಮೂರು ನಿಮಿಷ ಸಾಕು, ಒತ್ತು ಇನ್ನೂ ಕಡಿಮೆ. ಕೊನೆಯ ಪೇಪರಿನಲ್ಲಿ ಕೈಯ ತೂಕವೇ ಒತ್ತು. ಪ್ರತಿ ಹಂತದಲ್ಲೂ ಅದೇ ಪರೀಕ್ಷೆ: ಒಣಗಿಸಿ, ಓರೆ ಬೆಳಕು. ಹಿಂದಿನ ಪೇಪರಿನ ಗೀರು ಕಾಣದೆ ಹೋಗುವವರೆಗೆ ಮೇಲಿನ ಮೆಟ್ಟಿಲಿಗೆ ಕಾಲಿಡಬೇಡಿ.

ಬೋರ್‌ವೆಲ್ ನೀರಿನವರಿಗೆ ಒಂದು ಮಾತು. ಗಡಸು ನೀರು ಚೆಂಡಿನ ಮೇಲೆ ತಾನಾಗಿ ಆರಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ಅದನ್ನು ಗೀರೆಂದು ತಿಳಿದು ಮತ್ತೆ ಉಜ್ಜುವವರಿದ್ದಾರೆ. ಕೊನೆಯ ಸಲ ಕುಡಿಯುವ ನೀರಿನಲ್ಲಿ ತೊಳೆದು ಕೂಡಲೇ ಒರೆಸಿ.

ಗಂಜಿ ನೀರನ್ನು ಸಿಂಕಿಗೆ, ಚರಂಡಿಗೆ, ಗಿಡಕ್ಕೆ ಸುರಿಯಬೇಡಿ. ಅದು ಪ್ಲಾಸ್ಟಿಕ್ಕಿನ ಪುಡಿ. ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಹಳೆಯ ಬಟ್ಟೆಯಲ್ಲಿ ಸೋಸಿ ಚೆಲ್ಲಿ, ತಳದ್ದನ್ನು ಆ ಬಟ್ಟೆಯಲ್ಲೇ ಕಟ್ಟಿ ಒಣ ಕಸಕ್ಕೆ ಹಾಕಿ.

## ಹಂತ 6: ಇಲ್ಲಿ ನಿಲ್ಲುವುದೇ, ಹೊಳಪು ಕೊಡುವುದೇ?

ಮಂದ ಮೈ ಬೇಕಿದ್ದವರ ಕೆಲಸ ಮುಗಿಯಿತು. ಆಲ್ಕೋಹಾಲಿನಿಂದ ಒಮ್ಮೆ ಒರೆಸಿ ಹಂತ 7ಕ್ಕೆ ಹೋಗಿ.

ಹೊಳಪು ಬೇಕೆಂದರೆ ಕಾಂಪೌಂಡ್ ಮತ್ತು ಪಾಲಿಶ್ ಒಂದೇ ಅಲ್ಲ. ಕಾಂಪೌಂಡ್ ಎಂದರೆ ದ್ರವದಲ್ಲಿ ಬೆರೆಸಿದ ಅತಿ ನುಣ್ಣನೆಯ ಹರಳು. ಅದು ಗೀರಿನ ದಡವನ್ನು ಇನ್ನಷ್ಟು ಸವೆಸುತ್ತದೆ, ಆದರೂ ಲೇನಿನ ಹಿಡಿತ ಪೂರ್ತಿ ಬಿಡುವುದಿಲ್ಲ. ಪಾಲಿಶಿನಲ್ಲಿ ಹರಳಿನ ಜೊತೆ ಜಾರಿಸುವ ಪದಾರ್ಥವೂ ಇರುತ್ತದೆ, ಅದು ಮೈ ಮೇಲೆ ಉಳಿಯುತ್ತದೆ. ಚೆಂಡು ಇನ್ನೂ ದೂರ ಜಾರಬೇಕೆಂದರೆ ಪಾಲಿಶ್, ಸ್ವಲ್ಪ ಮಾತ್ರ ಜಾರಲಿ ಎಂದರೆ ಕಾಂಪೌಂಡ್.

ಮೊದಲ ದೂರಿಗೆ ಉತ್ತರವೂ ಇಲ್ಲೇ. 500ರ ಮೇಲೆ ಹಾಕಿದ ಪಾಲಿಶ್ ಹೊಳೆಯುತ್ತದೆ, ಆದರೆ ಕೆಳಗೆ 500ರ ಕಂದಕ ಹಾಗೇ ಇದ್ದು ಎಣ್ಣೆ ಸೀಳುತ್ತಲೇ ಇರುತ್ತದೆ. ಎರಡೇ ಆಟಕ್ಕೆ ಮೇಲಿನ ಹೊಳಪು ಸವೆದು ಹಳೆಯ ಚೆಂಡು ಹೊರಬರುತ್ತದೆ. ದೂರ ಜಾರುವ ಚೆಂಡು ಬೇಕಿದ್ದರೆ 2000 ಮುಗಿಸಿದ ಮೇಲೆ ಪಾಲಿಶ್ ಹಾಕಿ.

ಬಾಟಲಿ ಚೆನ್ನಾಗಿ ಕುಲುಕಿ. ಒಣ ಮೈಕ್ರೋಫೈಬರ್ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟಗಲ ಹಾಕಿ, ಅದು ಅರ್ಧ ಚೆಂಡಿಗೆ ಸಾಕು. ಮೊದಲು ಒತ್ತದೆ ಹರಡಿ, ಆಮೇಲೆ ಮಗ್ಗುಲಿಗೆ 2–3 ನಿಮಿಷ ಸುತ್ತಿ ಉಜ್ಜಿ. ಈ ಒಂದು ಹಂತದಲ್ಲಿ ಸ್ವಲ್ಪ ಬಿರುಸಾಗಿ ಉಜ್ಜಬಹುದು. ತೆಳು ಮಬ್ಬಾಗಿ ಆರಿದ ಮೇಲೆ ಬೇರೆ ಬಟ್ಟೆಯಿಂದ ಒರೆಸಿ. ಅದೇ ಬಟ್ಟೆಯಲ್ಲಿ ಒರೆಸಿದರೆ ಸಿಪ್ಪೆಯಂತೆ ಅಂಟಂಟಾಗಿ ಉಳಿಯುತ್ತದೆ. ಹೆಚ್ಚು ಸುರಿದರೆ ಹೆಚ್ಚು ಹೊಳೆಯುವುದಿಲ್ಲ, ಬೆರಳಿನ ತೂತಿನೊಳಗೆ ಇಳಿದು ಹಿಡಿತ ಜಾರುತ್ತದೆ.

## ಹಂತ 7: ಲೇನಿನ ಮೇಲೆ ಪರೀಕ್ಷೆ

ಟೇಪು ಪೂರ್ತಿ ಕಿತ್ತು, ಅಂಟನ್ನು ಆಲ್ಕೋಹಾಲಿನಿಂದ ತೆಗೆಯಿರಿ. ಮೊದಲ ಎಸೆತಗಳನ್ನು ನೀವು ಚೆನ್ನಾಗಿ ಬಲ್ಲ ಲೇನಿನಲ್ಲಿ, ಒಂದೇ ಗುರುತಿನ ಮೇಲೆ, ಒಂದೇ ವೇಗದಲ್ಲಿ ಹಾಕಿ. ಚೆಂಡು ಎಲ್ಲಿ ತಿರುಗಲು ಶುರುಮಾಡುತ್ತದೆ ಎಂಬುದನ್ನಷ್ಟೇ ನೋಡಿ, ಬಿದ್ದ ಪಿನ್ ಎಣಿಸಬೇಡಿ. ಬೇಗ ತಿರುಗುತ್ತಿದ್ದರೆ ಒಂದು ಮೆಟ್ಟಿಲು ಮೇಲಕ್ಕೆ, ತಡವಾಗಿದ್ದರೆ ಒಂದು ಮೆಟ್ಟಿಲು ಕೆಳಕ್ಕೆ. ಮೇಲಕ್ಕೆ ಹೋಗಲು ಮುಂದಿನ ಪೇಪರ್ ಒಂದೇ ಸಾಕು. ಕೆಳಕ್ಕೆ ಬರಲೂ ಬೇಕಾದ ಒರಟು ಪೇಪರ್ ಒಂದನ್ನೇ ಆರೂ ಮಗ್ಗುಲಿಗೆ ಹೊಡೆದರೆ ಆಯಿತು, ಮೊದಲಿನಿಂದ ಶುರುಮಾಡಬೇಕಿಲ್ಲ.

ಪಂದ್ಯವಾಡುವವರು ನಿಯಮ ಓದಿಕೊಂಡು ಹೋಗಿ. ಯುಎಸ್‌ಬಿಸಿ ಮಾನ್ಯತೆಯ ಸ್ಪರ್ಧೆಯಲ್ಲಿ ಆಟ ಶುರುವಾದ ಮೇಲೆ ಪೇಪರ್, ಪ್ಯಾಡ್ ಹಾಕಿ ಮೈ ಬದಲಿಸುವಂತಿಲ್ಲ. 2020ರ ಆಗಸ್ಟ್ 1ರಿಂದ ಆಟದ ನಡುವೆ ದ್ರವದ ಕ್ಲೀನರ್ ಕೂಡ ನಿಷಿದ್ಧ, ಒಣ ಬಟ್ಟೆ ಮಾತ್ರ. ಇಲ್ಲಿನ ಪಂದ್ಯಗಳಲ್ಲಿ ಯಾವ ನಿಯಮ ಎಂದು ಸಂಘಟಕರನ್ನು ಮೊದಲೇ ಕೇಳಿ.

## ತಪ್ಪಾದಾಗ ಚೆಂಡು ಹೇಳುವುದು

ಉದ್ದ ಬಾಲದ ಒಂಟಿ ಗೀರು: ಹಿಂದಿನ ಹಂತದ ಹರಳು ಉಳಿದಿತ್ತು. ಎಲ್ಲ ತೊಳೆದು, ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ.

ಸಮಾನಾಂತರ ಪಟ್ಟೆ: ಫೋಮ್ ಇಲ್ಲದೆ ಬೆರಳಿನಲ್ಲಿ ಒತ್ತಿದ್ದು. ಮೊದಲ ಪೇಪರಿಗೇ ಹಿಂತಿರುಗಬೇಕು, ಬೇರೆ ದಾರಿ ಇಲ್ಲ.

ಉರುಳುವ ಜಾಗದ ಪಟ್ಟೆ ಮಾತ್ರ ಬೇರೆ ಬಣ್ಣ: ಎಣ್ಣೆ ಇನ್ನೂ ಒಳಗಿದೆ ಅಥವಾ ಅಲ್ಲಿ ಮೈ ತಗ್ಗಾಗಿದೆ. ಬಿಸಿನೀರಿನ ಹಂತ ಮತ್ತೊಮ್ಮೆ ಮಾಡಿ. ಆಮೇಲೂ ಉಳಿದರೆ ತಗ್ಗೇ. ಅದನ್ನು ಕೈಯಿಂದ ಸರಿಮಾಡಲು ಆಗದು, ಮೈ ಕೊರೆದು ಸಮ ಮಾಡುವ ಯಂತ್ರವಿರುವವರಿಗೆ ಕೊಡಿ.

ಮುಟ್ಟಿದರೆ ಅಂಟಂಟು: ಪಾಲಿಶ್ ಹೆಚ್ಚಾಗಿದೆ ಅಥವಾ ಮೊದಲು ಎಣ್ಣೆ ತೆಗೆದಿಲ್ಲ. ಕೊನೆಯ ಪೇಪರ್ ಇನ್ನೊಮ್ಮೆ ಹೊಡೆದು ಹೊಸದಾಗಿ ಪಾಲಿಶ್ ಹಾಕಿ.

ಉಜ್ಜುವಾಗ ಕೈಗೆ ಬಿಸಿ ತಾಗುವುದು, ಸುಟ್ಟ ವಾಸನೆ: ಕೂಡಲೇ ನಿಲ್ಲಿಸಿ. ನೀರು ಕಡಿಮೆ, ಒತ್ತು ಹೆಚ್ಚು. ತಾನಾಗಿ ತಣಿಯಲು ಬಿಡಿ, ತಣ್ಣೀರು ಸುರಿಯಬೇಡಿ.

## ಎಷ್ಟು ದಿನಕ್ಕೊಮ್ಮೆ

ತಂದ ಮೈ ಹಾಗೇ ಉಳಿಯುವುದಿಲ್ಲ. ಒರಟು ಮೈ ಲೇನಿಗೆ ತಿಕ್ಕಿ ನುಣುಪಾಗುತ್ತದೆ, 500 ಕೆಲವೇ ಆಟಕ್ಕೆ 500 ಆಗಿ ಉಳಿದಿರುವುದಿಲ್ಲ. ಪಾಲಿಶ್ ಮೈ ಇದಕ್ಕೆ ತಿರುಗುಮುರುಗು, ನಿಧಾನವಾಗಿ ಮಂದವಾಗುತ್ತದೆ. ಹಾಗಾಗಿ ಮಂದ ಮೈಯವರು 5ರಿಂದ 10 ಆಟಕ್ಕೊಮ್ಮೆ ಕೊನೆಯ ಪೇಪರ್ ಮಾತ್ರ ಮಗ್ಗುಲಿಗೆ ಒಂದೆರಡು ನಿಮಿಷ ಹೊಡೆದರೆ ಸಾಕು. 60 ಆಟದ ಆಸುಪಾಸಿಗೆ ಒಂದನೇ ಹಂತದಿಂದ ಪೂರ್ತಿ ಕೆಲಸ.

ಪ್ರತಿ ಸಲ ಆಟ ಮುಗಿದು ಚೆಂಡು ಚೀಲಕ್ಕೆ ಹೋಗುವ ಮುನ್ನ, ಮೈ ಇನ್ನೂ ಬೆಚ್ಚಗಿರುವಾಗ ಆಲ್ಕೋಹಾಲಿನಲ್ಲಿ ಒರೆಸಿ. ಆ ಹೊತ್ತಿನಲ್ಲಿ ಎಣ್ಣೆ ಮೇಲೇ ಇರುತ್ತದೆ, ರಾತ್ರಿ ಕಳೆದರೆ ಒಳಗಿಳಿದಿರುತ್ತದೆ. ಚೀಲದಲ್ಲೊಂದು ಸಣ್ಣ ಪುಸ್ತಕ ಇಟ್ಟು ತಾರೀಖು, ಹೊಡೆದ ನಂಬರುಗಳು, ಪಿ ಇದೆಯೋ ಇಲ್ಲವೋ, ಮಗ್ಗುಲಿಗೆ ಎಷ್ಟು ನಿಮಿಷ, ಆಮೇಲೆ ಆಡಿದ ಆಟಗಳ ಲೆಕ್ಕ ಬರೆಯುತ್ತ ಹೋಗಿ. ಮುಂದಿನ ಸಲ ಸಿಂಬಿಯ ಮೇಲೆ ಚೆಂಡು ಕೂರಿಸುವಾಗ ಯಾವ ಪೇಪರ್ ನೆನೆಹಾಕಬೇಕೆಂದು ಆ ಪುಟ ನೋಡಿ.